ಹಲಗೆಗೂ ಲೇಖನಿಗೂ ನಂಟು

ಯುಗಾದಿ ಕಳೆದು ಹದಿನೈದು ದಿನವಾಗಿದ್ದಿರಬೇಕು. ಒಂದು ರಾತ್ರಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಮ್ಮ ದೊಡ್ಡಪ್ಪನವರಿಂದ ದೂರವಾಣಿ ಕರೆ ಬಂತು. ಕುಶಲಪ್ರಶ್ನೆ ಇಲ್ಲ, ಪೀಠಿಕೆ ಇಲ್ಲ. “ನನ್ನ ಕೈ ಹೋಯಿತು ಕಣೋ” ಎಂದರು. 79 ವರ್ಷದ ಹಿರಿಯರು ಹೀಗೆಂದರೆ ಎದೆ ಧಸಕ್ಕೆನ್ನದೆ ಇದ್ದೀತೆ? ಪಾರ್ಶ್ವವಾಯುವೇ ಇರಬೇಕೆಂದು ಹೆದರಿ, “ಡಾಕ್ಟರನ್ನು ಕರೆಸಿದಿರಾ ದೊಡ್ಡಪ್ಪ?” ಎಂದೆ. “ಡಾಕ್ಟರು ಬಂದು ಏನು ಮಾಡಿಯಾರು? ಬರೆದರೆ ಅಕ್ಷರ ಮೂಡುವುದಿಲ್ಲ. ಇಪ್ಪತ್ತು ದಿನದಿಂದ ತೀಡುತ್ತಾ ಕೂತಿದ್ದೇನೆ. ಒಂದು ‘ಅ’ ಬರೆಯಲಾರದವನಾದೆ” ಎಂದರು. ಕೆದಕಿ ಕೇಳಿದ ಮೇಲೆ ಸಂಗತಿ ತಿಳಿಯಿತು. ಕೈಗೆ ಏನೂ ಆಗಿರಲಿಲ್ಲ. ಅವರು ಬರೆಯ ಹೊರಟಿದ್ದುದು ಟ್ಯಾಬ್ಲೆಟ್ ಎಂಬ ಗಾಜಿನ ಹಲಗೆಯ ಮೇಲೆ. ಆ ಹಲಗೆಗೆ ಅವರ ಕೈಯಲ್ಲಿದ್ದ ಲೇಖನಿ ಕೂಡಿಕೊಳ್ಳುತ್ತಿರಲಿಲ್ಲ, ಅಷ್ಟೆ.

ನಿಮಗೆ ನಗು ಬರಬಹುದು. ನನಗೂ ಬಂತು. ಆದರೆ ಮೂವತ್ತನಾಲ್ಕು ವರ್ಷ ಹಾಸನದ ಕಡೆಯ ಹೈಸ್ಕೂಲುಗಳಲ್ಲಿ ಕನ್ನಡ ಪಂಡಿತರಾಗಿದ್ದು, ಸಾವಿರಾರು ಹುಡುಗರ ಅಕ್ಷರವನ್ನು ಕೆಂಪು ಶಾಯಿಯಲ್ಲಿ ತಿದ್ದಿದವರು ಅವರು. ಯಂತ್ರ ಕೆಟ್ಟಿದೆಯೋ ಏನೋ ಎಂಬ ಶಂಕೆ ಅವರಿಗೆ ಒಂದು ಗಳಿಗೆಯೂ ಬರಲಿಲ್ಲ. ತಪ್ಪು ತಮ್ಮ ಕೈಯದೇ ಎಂದುಕೊಂಡುಬಿಟ್ಟರು. ವಯಸ್ಸಾದವರು ಬಹುಮಟ್ಟಿಗೆ ಹಾಗೆಯೇ. ಹೊಸ ಸಾಮಾನು ಮಾತು ಕೇಳದಿದ್ದರೆ, ‘ನಮಗೆ ತಿಳಿಯದು’ ಎಂದು ಮೂಲೆಗೆ ಸರಿಸಿ ಸುಮ್ಮನಾಗುತ್ತಾರೆ.

ಅವರು ಬರೆಯಬೇಕೆಂದಿದ್ದುದು ಏನನ್ನು ಎಂಬುದನ್ನೂ ಹೇಳಬೇಕು. ನಮ್ಮ ಅಜ್ಜಿಗೆ, ಎಂದರೆ ಅವರ ತಾಯಿಗೆ, ಹಾಡುಗಳು ಬಹಳ ಬರುತ್ತಿದ್ದುವು. ಹಸೆಗೆ ಕರೆಯುವ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ರಾಗಿ ಬೀಸುವಾಗಿನ ಹಾಡು. ಅವುಗಳಲ್ಲಿ ಒಂದನ್ನೂ ಯಾರೂ ಬರೆದಿಡಲಿಲ್ಲ. ಈಗ ಅವು ಉಳಿದಿರುವುದು ದೊಡ್ಡಪ್ಪನವರ ನೆನಪಿನಲ್ಲಿ ಅರ್ಧ, ತಿಪಟೂರಿನಲ್ಲಿರುವ ಸೋದರತ್ತೆಯ ನೆನಪಿನಲ್ಲಿ ಅರ್ಧ. ಮೆಲ್ಬೋರ್ನಿನಲ್ಲಿರುವ ಮೊಮ್ಮಗಳು ಆ ಹಾಡುಗಳನ್ನು ಕೇಳಿದಳು. ಅಚ್ಚಿನ ಅಕ್ಷರ ಬೇಡ, ತಾತನ ಕೈಬರಹವೇ ಬೇಕು ಎಂದಳು. ಕಾಗದದ ಮೇಲೆ ಬರೆಯೋಣವೆಂದರೆ ಕಣ್ಣು ಮಂದ, ತಾವು ಬರೆದದ್ದು ತಮಗೇ ಕಾಣದು. ಟ್ಯಾಬ್ಲೆಟ್ಟಿನಲ್ಲಾದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅದಕ್ಕಾಗಿ ಮಗ ಒಂದು ಟ್ಯಾಬ್ಲೆಟ್ಟನ್ನು ಕಳುಹಿಸಿಕೊಟ್ಟ. ಲೇಖನಿಯನ್ನು ಮಾತ್ರ ಇವರು ಪೇಟೆಯ ಒಂದು ಅಂಗಡಿಯಿಂದ ತರಿಸಿದರು. ‘ಇದು ಎಲ್ಲಕ್ಕೂ ಆಗುತ್ತದೆ’ ಎಂದು ಅಂಗಡಿಯವನು ಆಣೆ ಮಾಡಿ ಕೊಟ್ಟನಂತೆ.

ಆ ‘ಎಲ್ಲಕ್ಕೂ ಆಗುತ್ತದೆ’ ಎಂಬ ಮಾತನ್ನು ನೀವು ಸುಲಭವಾಗಿ ನಂಬಬೇಡಿ. ಇವತ್ತು ನಾನು ಮುಖ್ಯವಾಗಿ ಹೇಳಹೊರಟಿರುವುದು ಅದನ್ನೇ.

ಹಿಂದೆ ಈ ತೊಂದರೆ ಇರಲಿಲ್ಲ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮೇಲೆ ಮಸಿ ಬಳಿದರೆ ಅಕ್ಷರ ಕಾಣುತ್ತಿತ್ತು. ಯಾವ ಊರಿನ ಕಂಟವಾದರೂ ಯಾವ ಊರಿನ ಗರಿಗಾದರೂ ಆಗುತ್ತಿತ್ತು. ಗಣಕಯಂತ್ರದ ಮೊದಲ ದಿನಗಳಲ್ಲೂ ತೊಡಕಿರಲಿಲ್ಲ. 1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯವರು ಹತ್ತು ಅಂಗುಲ ಉದ್ದ, ಹತ್ತು ಅಂಗುಲ ಅಗಲದ ಒಂದು ಬರೆಯುವ ಹಲಗೆಯನ್ನು ಪ್ರಕಟಿಸಿದರು. ಅದರೊಳಗೆ ತಂತಿಗಳ ಜಾಲ. ಲೇಖನಿಯ ತುದಿ ಎಲ್ಲಿದೆಯೆಂಬುದನ್ನು ಹತ್ತು ಲಕ್ಷಕ್ಕೂ ಮೀರಿದ ಬಿಂದುಗಳಲ್ಲಿ ಅದು ಗುರುತಿಸುತ್ತಿತ್ತು. ಆ ಲೇಖನಿಯನ್ನು ಹಲಗೆಗೆ ತಂತಿಯಿಂದಲೇ ಕಟ್ಟಿದ್ದರು, ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಕೂಡಿಸುವ ಪ್ರಶ್ನೆಯೇ ಬರುವಂತಿರಲಿಲ್ಲ. ಮುಂದೆ ತಂತಿಯನ್ನು ಕಳಚಿದರು. ಕಳಚಿದ ಮೇಲೆ ಒಬ್ಬೊಬ್ಬ ತಯಾರಕನೂ ಹಲಗೆಗೂ ಲೇಖನಿಗೂ ತನ್ನದೇ ಒಂದು ಗುಟ್ಟಿನ ಭಾಷೆಯನ್ನು ಕಲಿಸಿದ. ನಮ್ಮ ತಾಪತ್ರಯ ಅಲ್ಲಿಂದ ಮೊದಲಾಯಿತು.

ನಿಮ್ಮ ಮನೆಯ ಟ್ಯಾಬ್ಲೆಟ್ಟನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಬೆರಳಿನಿಂದ ಮುಟ್ಟಿದರೆ ಓಗೊಡುತ್ತದೆ. ಉಗುರಿನಿಂದ ಮುಟ್ಟಿದರೆ ಸುಮ್ಮನಿರುತ್ತದೆ. ಏಕೆ? ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ತು ಹರಿಯುವ ಗೆರೆಗಳ ಬಲೆಯಿದೆ. ನಮ್ಮ ಮೈಯೂ ವಿದ್ಯುತ್ತನ್ನು ಹಾಯಗೊಡುವ ವಸ್ತು. ಬೆರಳು ಹತ್ತಿರ ಬಂದಾಗ ಆ ಬಲೆಯ ವಿದ್ಯುತ್ ಧಾರಣೆ ಅಷ್ಟು ಜಾಗದಲ್ಲಿ ಬದಲಾಗುತ್ತದೆ. ಯಂತ್ರ ಅದನ್ನು ಎಣಿಸಿ ‘ಇಲ್ಲಿ ಮುಟ್ಟಿದರು’ ಎಂದು ತಿಳಿಯುತ್ತದೆ. ಉಗುರು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ.

ಈ ಬೆರಳನ್ನೇ ಅಣಕಿಸುವ ಲೇಖನಿಯೊಂದುಂಟು. ತುದಿಯಲ್ಲಿ ರಬ್ಬರಿನ ಗುಂಡು. ಒಳಗೆ ಬ್ಯಾಟರಿ ಇಲ್ಲ, ಏನೂ ಇಲ್ಲ. ಇದನ್ನು ಕೂಡಿಸುವುದೂ ಬೇಡ, ಬಿಡಿಸುವುದೂ ಬೇಡ. ಮುಟ್ಟಿದರೆ ಬರೆಯುತ್ತದೆ. ಆದರೆ ಬೆರಳಿನ ಹಾಗೆ ಕಾಣಬೇಕಾದ್ದರಿಂದ ತುದಿ ದಪ್ಪಗಿರಲೇಬೇಕು. ಚಿತ್ರಕ್ಕೆ ಬಣ್ಣ ತುಂಬಲು ಅಡ್ಡಿಯಿಲ್ಲ. ನಮ್ಮ ಕನ್ನಡ ಬರೆಯಲು ಹೋದರೆ ತಿಳಿಯುತ್ತದೆ ಕಷ್ಟ. ‘ಸ್ತ್ರೀ’ ಎಂದು ಬರೆಯಬೇಕಾದರೆ ಕೆಳಗೆ ಎರಡು ಒತ್ತಕ್ಷರ, ಮೇಲೆ ದೀರ್ಘ. ರಬ್ಬರಿನ ಗುಂಡಿನ ಕೆಳಗೆ ಒತ್ತು ಎಲ್ಲಿ ಕುಳಿತಿತೆಂಬುದೇ ಕಾಣದು. ಸಾಲದ್ದಕ್ಕೆ ಅಂಗೈ ತಗುಲಿದರೂ ಹಲಗೆಗೆ ಅದೊಂದು ಬೆರಳೇ. ಅಲ್ಲೊಂದು ಗೆರೆ ಬಿದ್ದಿರುತ್ತದೆ. ಇದೇ ಜಾತಿಯಲ್ಲಿ ಸಣ್ಣ ತುದಿಯದೂ ಒಂದಿದೆ, ಒಳಗೆ ಬ್ಯಾಟರಿ ಇಟ್ಟುಕೊಂಡು ಬೆರಳಿನ ವೇಷ ಹಾಕುವಂಥದು. ‘ಎಲ್ಲಕ್ಕೂ ಆಗುತ್ತದೆ’ ಎಂಬ ಮಾತು ನಿಜವಾಗಿ ಸಲ್ಲುವುದು ಈ ಎರಡಕ್ಕೆ ಮಾತ್ರ.

ಇನ್ನು ಎರಡನೆಯದು. ಇದರ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಿಮ್ಮಲ್ಲಿ ಹಿರಿಯರಾದವರು ಹಳೆಯ ಕ್ರಿಸ್ಟಲ್ ಸೆಟ್ಟಿನ ವಿಷಯ ಕೇಳಿರಬಹುದು. ಅದಕ್ಕೆ ಬ್ಯಾಟರಿ ಇರಲಿಲ್ಲ, ಗೋಡೆಯ ವಿದ್ಯುತ್ತೂ ಬೇಡ. ಗಾಳಿಯಲ್ಲಿ ಬಂದ ಬಾನುಲಿಯ ಅಲೆಯಲ್ಲಿರುವ ಬಲವನ್ನೇ ಹೀರಿಕೊಂಡು ಕಿವಿಗೆ ಹಾಡನ್ನು ಮುಟ್ಟಿಸುತ್ತಿತ್ತು. ಜಪಾನಿನ ವಾಕಾಂ ಎಂಬ ಸಂಸ್ಥೆ ಪ್ರಸಿದ್ಧಿಗೆ ತಂದ ಲೇಖನಿಯಲ್ಲಿ ಸುಮಾರಾಗಿ ಇದೇ ತತ್ತ್ವವಿದೆ. ಗಾಜಿನ ಅಡಿಯಲ್ಲಿ ಇನ್ನೊಂದು ಪದರ. ಅದು ಎಡೆಬಿಡದೆ ವಿದ್ಯುತ್ಕಾಂತ ಕ್ಷೇತ್ರವನ್ನು ಹರಡುತ್ತಿರುತ್ತದೆ. ಲೇಖನಿಯೊಳಗೆ ಒಂದು ಪುಟ್ಟ ತಂತಿಯ ಸುರುಳಿ. ಹಲಗೆಯ ಹತ್ತಿರ ಬಂದೊಡನೆ ಸುರುಳಿ ಆ ಬಲದಿಂದಲೇ ಮಿಡಿಯುತ್ತದೆ, ಮಿಡಿದು ಹಲಗೆಗೆ ಮಾರುತ್ತರ ಕೊಡುತ್ತದೆ. ನೀವು ಎಷ್ಟು ಒತ್ತಿ ಬರೆದಿರೆಂಬುದೂ ಆ ಉತ್ತರದಲ್ಲಿ ಅಡಗಿರುತ್ತದೆ. 2011ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಎಂಬ ಫೋನಿನ ಲೇಖನಿ ಈ ಬಗೆಯದು. ಅದೇ ಸಂಸ್ಥೆಯ ಅನೇಕ ಟ್ಯಾಬ್ಲೆಟ್ಟುಗಳದೂ, 2022ರ ಕಿಂಡಲ್ ಸ್ಕ್ರೈಬ್ ಎಂಬ ಓದುವ ಹಲಗೆಯದೂ ಇದೇ. ಬರೆಯಲು ಇದಕ್ಕೆ ಬ್ಯಾಟರಿ ಬೇಡ. ಯಾವುದನ್ನೂ ಕೂಡಿಸುವುದು ಬೇಡ. ಇವುಗಳಲ್ಲಿ ಕೆಲವಕ್ಕೆ ಬ್ಲೂಟೂತನ್ನೂ ಇಟ್ಟಿರುತ್ತಾರೆ. ಅದು ಲೇಖನಿಯ ಗುಂಡಿಯನ್ನು ಒತ್ತಿ ದೂರದಿಂದ ಫೋಟೋ ತೆಗೆಯುವಂಥ ಉಪಚಾರಗಳಿಗೆ; ಅಕ್ಷರಕ್ಕಲ್ಲ. ಆದರೆ ನೆನಪಿಡಿ, ಅಡಿಯಲ್ಲಿ ಆ ಪದರವಿಲ್ಲದ ಹಲಗೆಯ ಮುಂದೆ ಈ ಲೇಖನಿ ಬರಿಯ ಕಡ್ಡಿ.

ಮೂರನೆಯ ಬಗೆಯದು ತಾನೇ ಮಾತಾಡುವ ಲೇಖನಿ. ಒಳಗೆ ಬ್ಯಾಟರಿ ಉಂಟು. ತುದಿಯಿಂದ ಸಣ್ಣ ವಿದ್ಯುತ್ ಸಂಕೇತ ಹೊರಡುತ್ತದೆ. ಗಾಜಿನ ಕೆಳಗಿನ ಬಲೆ ಅದನ್ನು ಹಿಡಿಯುತ್ತದೆ. ಇದಲ್ಲದೆ ಬಹಳಷ್ಟು ಲೇಖನಿಗಳಲ್ಲಿ ಬ್ಲೂಟೂತ್ ಕೂಡ ಇರುತ್ತದೆ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆಯೊಬ್ಬನ ಅಡ್ಡಹೆಸರನ್ನು ಹೊತ್ತಿರುವ ಈ ಬ್ಲೂಟೂತ್ ಬೇರೆ ಏನೂ ಅಲ್ಲ, ನೀವು ದಿನವೂ ಕೇಳುವ ಬಾನುಲಿಯ ಕಿರಿಯ ತಂಗಿ. ನಮ್ಮ ಮಧ್ಯಮ ತರಂಗದ ನಿಲಯಗಳ ಅಲೆಯ ಉದ್ದ ನೂರಾರು ಮೀಟರು. ಇದರ ಅಲೆ ಒಂದು ಗೇಣಿಗಿಂತ ಚಿಕ್ಕದು, ಸುಮಾರು 12 ಸೆಂಟಿಮೀಟರು. ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ಈ ಅಲೆ ಒಂದು ಕೋಣೆಯನ್ನು ದಾಟಿದರೆ ಹೆಚ್ಚು. ‘ಪೇರ್’ ಮಾಡುವುದು ಎನ್ನುತ್ತಾರಲ್ಲ, ಅದು ಈ ಪುಟ್ಟ ನಿಲಯಕ್ಕೂ ನಿಮ್ಮ ಹಲಗೆಗೂ ಪರಿಚಯ ಮಾಡಿಸುವುದು. ಒಮ್ಮೆ ಪರಿಚಯವಾದರೆ ಮತ್ತೆ ಮತ್ತೆ ಕೇಳುವುದಿಲ್ಲ.

ಜನ ತಪ್ಪುವುದು ಇಲ್ಲೇ. ಬ್ಲೂಟೂತ್ ಕೂಡಿತೆಂದರೆ ಲೇಖನಿ ಬರೆಯುತ್ತದೆ ಎಂದು ನಾವು ಎಣಿಸುತ್ತೇವೆ. ತುದಿ ಎಲ್ಲಿದೆ ಎಂಬುದನ್ನು ಕಂಡುಹಿಡಿಯುವುದು ಬ್ಲೂಟೂತ್ ಅಲ್ಲ, ಗಾಜಿನ ಕೆಳಗಿನ ಬಲೆ. ಆ ಬಲೆಗೆ ತುದಿಯ ಭಾಷೆ ಬಾರದಿದ್ದರೆ, ಬ್ಲೂಟೂತ್ ಪಟ್ಟಿಯಲ್ಲಿ ಲೇಖನಿಯ ಹೆಸರು ಚಂದವಾಗಿ ಕಂಡರೂ ಒಂದು ಚುಕ್ಕೆ ಬೀಳುವುದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಸರ್ಫೇಸ್ ಹಲಗೆಗಳ ಲೇಖನಿಯಲ್ಲಿ ಇದರ ತಿರುಗುಮುರುಗು ಕಾಣುತ್ತದೆ: ಬ್ಲೂಟೂತ್ ಕೂಡದಿದ್ದರೂ ಅದು ಬರೆಯುತ್ತದೆ, ಕೂಡಬೇಕಾದದ್ದು ಅದರ ತಲೆಯ ಗುಂಡಿ ಕೆಲಸ ಮಾಡುವುದಕ್ಕೆ. ಅದೇ ಸಂಸ್ಥೆಯ ಇನ್ನೊಂದು ಕಥೆ ಕೇಳಿ. 2013ರ ಮೊದಲ ಸರ್ಫೇಸ್ ಪ್ರೋ ಹಲಗೆಗೆ ವಾಕಾಂ ಬಗೆಯ ಲೇಖನಿಯಿತ್ತು. 2014ರಲ್ಲಿ ಮೂರನೆಯ ಹಲಗೆ ಬಂದಾಗ ಬ್ಯಾಟರಿಯ ಲೇಖನಿಗೆ ಬದಲಾಯಿಸಿದರು. ಸಂಸ್ಥೆ ಒಂದೇ, ಹೆಸರು ಒಂದೇ, ನಡುವೆ ಹೋದದ್ದು ಒಂದೇ ವರ್ಷ. ಅದರ ಲೇಖನಿ ಇದಕ್ಕಿಲ್ಲ, ಇದರದು ಅದಕ್ಕಿಲ್ಲ. ಬಲ್ಲವರೇ ತಬ್ಬಿಬ್ಬಾದ ಮೇಲೆ ನಮ್ಮ ದೊಡ್ಡಪ್ಪನವರ ಪಾಡೇನು?

ಆಪಲ್ ಸಂಸ್ಥೆಯ ಐಪ್ಯಾಡ್ ಇಟ್ಟುಕೊಂಡವರು ಇನ್ನೂ ಸ್ವಲ್ಪ ಎಚ್ಚರವಾಗಿರಬೇಕು. ಅವರ ಪೆನ್ಸಿಲ್ ಎಂಬ ಲೇಖನಿಯಲ್ಲಿ ನಾಲ್ಕು ತಲೆಮಾರುಗಳಿವೆ. ನೋಡಲು ಎಲ್ಲವೂ ಬಿಳಿಯ ಕಡ್ಡಿಗಳೇ. 2015ರ ಮೊದಲನೆಯದರ ಹಿಂದಿನ ಟೋಪಿಯನ್ನು ತೆಗೆದು, ಒಳಗಿನ ಮೊಳೆಯನ್ನು ಐಪ್ಯಾಡಿನ ತೂತಿಗೆ ಚುಚ್ಚಿದರೆ ‘ಕೂಡಿಸಲೆ?’ ಎಂದು ಕೇಳುತ್ತದೆ. ಹೂಂ ಎಂದರೆ ಮುಗಿಯಿತು. 2018ರ ಎರಡನೆಯದನ್ನು ಚುಚ್ಚುವುದಿಲ್ಲ. ಹಲಗೆಯ ಅಂಚಿಗೆ ಅಯಸ್ಕಾಂತದಿಂದ ಅಂಟಿಸಬೇಕು, ಅಲ್ಲಿಯೇ ಕೂಡಿಕೊಂಡು ಅಲ್ಲಿಯೇ ವಿದ್ಯುತ್ತನ್ನೂ ಕುಡಿಯುತ್ತದೆ. 2023ರದು ಅಂಚಿಗೆ ಅಂಟಿ ಕುಳಿತರೂ ಅಲ್ಲಿ ಕೂಡಿಕೊಳ್ಳುವುದಿಲ್ಲ. ಅದರ ತುದಿಯನ್ನು ಸರಿಸಿ, ತಂತಿ ಸಿಕ್ಕಿಸಿಯೇ ಕೂಡಿಸಬೇಕು. 2024ರ ಪ್ರೋ ಎಂಬುದು ಮತ್ತೆ ಅಂಟಿಸುವಂಥದು, ಆದರೆ ಎರಡನೆಯದು ಒಗ್ಗುವ ಹಲಗೆಗೆ ಇದು ಒಗ್ಗುವುದಿಲ್ಲ. ಬೆಲೆ ಕೊಟ್ಟು ತರುವ ಮುಂಚೆ ಹಲಗೆಯ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಐಪ್ಯಾಡ್’ ಎಂದಷ್ಟೇ ಹೇಳುವುದು, ಮದುವೆಗೆ ಹುಡುಗನನ್ನು ನೋಡಲು ಹೊರಟವರು ‘ಬೆಂಗಳೂರಿನ ಹುಡುಗ’ ಎಂದಷ್ಟೇ ಕೇಳಿಕೊಂಡು ಹೋದ ಹಾಗೆ.

ಸರಿಯಾದ ಲೇಖನಿಯೇ ಇದ್ದೂ ಕೂಡದೆ ಹೋದರೆ? ಬಹುಪಾಲು ಕಾರಣಗಳು ಸಣ್ಣವು. ಬ್ಯಾಟರಿ ಬರಿದಾಗಿರುತ್ತದೆ, ಅರ್ಧ ಗಂಟೆ ವಿದ್ಯುತ್ತು ತುಂಬಿ ನೋಡಿ. ಬ್ಲೂಟೂತ್ ಆರಿರುತ್ತದೆ. ಲೇಖನಿ ಹಿಂದೆ ಮತ್ತೊಂದು ಹಲಗೆಗೆ ಪರಿಚಯವಾಗಿದ್ದರೆ, ಹಳೆಯ ನಂಟನ್ನೇ ಹಿಡಿದುಕೊಂಡಿರಬಹುದು. ಪಟ್ಟಿಯಲ್ಲಿ ಅದರ ಹೆಸರಿದ್ದರೆ ‘ಮರೆತುಬಿಡು’ ಎಂದು ಒತ್ತಿ, ಹೊಸದಾಗಿ ಕೂಡಿಸಿ. ತಿರುಪಿನ ತುದಿಯಾದರೆ ಸಡಿಲವಾಗಿದೆಯೇ ಎಂದು ಬೆರಳಿನಿಂದ ಬಿಗಿ ಮಾಡಿ. ಹಲಗೆಗೆ ದಪ್ಪ ಕವಚ ತೊಡಿಸಿದ್ದರೆ ಅಯಸ್ಕಾಂತ ಕಚ್ಚುವುದಿಲ್ಲ. ಕವಚವನ್ನು ಕಳಚಿ ನೋಡಿ. ಎಲ್ಲಕ್ಕೂ ಮೊದಲು ಹಲಗೆಯನ್ನು ಒಮ್ಮೆ ಪೂರ್ತಿ ಆರಿಸಿ ಹೊತ್ತಿಸಿ. ಇದನ್ನು ಹೇಳಿದರೆ ವಿದ್ಯಾವಂತರಿಗೆ ಬೇಸರ, ಆದರೆ ಎಷ್ಟೋ ಸಲ ಇದರಿಂದಲೇ ವಾಸಿಯಾಗುತ್ತದೆ. ಒಂದು ಮಾತು ಮಾತ್ರ ಅವಶ್ಯವಾಗಿ ಗಮನದಲ್ಲಿಡಿ: ಒಳಗೆ ಮುಚ್ಚಿದ ಬ್ಯಾಟರಿಯಿರುವ ಲೇಖನಿಯನ್ನು ತಿಂಗಳಾನುಗಟ್ಟಲೆ ಬರಿದಾಗಿ ಪೆಟ್ಟಿಗೆಯಲ್ಲಿ ಇಡಬೇಡಿ. ಅಂಥ ಬ್ಯಾಟರಿ ಮತ್ತೆ ಏಳದೆ ಹೋಗುವುದುಂಟು.

ಇಷ್ಟನ್ನೂ ನಾನು ಆ ಭಾನುವಾರ ಹಾಸನದ ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲೇ ಉರು ಹಾಕಿಕೊಂಡು ಹೋದೆ. ದೊಡ್ಡಪ್ಪ ಜಗಲಿಯ ಮೇಲೆ ಕುಳಿತಿದ್ದರು. ಟ್ಯಾಬ್ಲೆಟ್ಟಿನ ಮೇಲೆ ದೊಡ್ಡಮ್ಮ ಒಂದು ಕ್ರೋಷಾ ಹೊದಿಕೆ ಹಾಕಿದ್ದರು, ಮನೆಯಲ್ಲಿ ಯಾರೋ ಮಲಗಿದ್ದಾರೆಂಬಂತೆ. ಅಂಗಡಿಯ ಲೇಖನಿಯನ್ನು ಕೈಗೆ ತೆಗೆದುಕೊಂಡೆ. ತಲೆಯನ್ನು ಮುಟ್ಟಿದರೆ ನೀಲಿಯ ದೀಪ ಮಿನುಗುತ್ತಿತ್ತು. “ನೋಡು, ಅದಕ್ಕೆ ಜೀವ ಇದೆ. ಜೀವ ಇಲ್ಲದ್ದು ನನ್ನ ಕೈಗೆ” ಎಂದರು ದೊಡ್ಡಪ್ಪ. ಆ ದೀಪವೇ ಅವರನ್ನು ಕೆಡಿಸಿತ್ತು. ಅದು ಬೇರೆ ಯಾವುದೋ ಹಲಗೆಗೆಂದು ಮಾಡಿದ, ಬ್ಯಾಟರಿಯ ಲೇಖನಿ. ಅದಕ್ಕೆ ಜೀವವಿದ್ದದ್ದು ನಿಜ. ಈ ಹಲಗೆಯ ಭಾಷೆ ಅದಕ್ಕೆ ಬರುತ್ತಿರಲಿಲ್ಲ.

ಹಲಗೆಯ ಹೆಸರನ್ನು ಹಿಂಬದಿಯಲ್ಲಿ ಓದಿದಾಗ ನನಗೆ ಅನುಮಾನ ಹುಟ್ಟಿತು. “ಇದು ಬಂದ ಪೆಟ್ಟಿಗೆ ಎಲ್ಲಿ ದೊಡ್ಡಮ್ಮ?” ಎಂದು ಕೇಳಿದೆ. ಪೆಟ್ಟಿಗೆ ಗಟ್ಟಿಯಾಗಿದೆಯೆಂದು ಅವರು ಅದರಲ್ಲಿ ಔಷಧದ ಚೀಟಿಗಳನ್ನು ತುಂಬಿಟ್ಟಿದ್ದರು. ಚೀಟಿಗಳನ್ನು ತೆಗೆದು, ಅಡಿಯಲ್ಲಿದ್ದ ರಟ್ಟನ್ನು ಎತ್ತಿದೆ. ರಟ್ಟಿನ ಹಳ್ಳದಲ್ಲಿ ಬೂದು ಬಣ್ಣದ ತೆಳ್ಳನೆಯ ಲೇಖನಿ ಮಲಗಿತ್ತು. ಬ್ಯಾಟರಿ ಬೇಡದ, ಕೂಡಿಸುವುದೇ ಬೇಡದ, ಎರಡನೆಯ ಬಗೆಯದು. ಇಪ್ಪತ್ತು ದಿನ ಇಡೀ ಮನೆ ಕೂಡದ ಲೇಖನಿಯನ್ನು ಕೂಡಿಸಲು ಹೆಣಗಿದ್ದಾಗ, ಕೂಡಿಸಬೇಕಾದ ಅಗತ್ಯವೇ ಇಲ್ಲದ್ದು ರಕ್ತದೊತ್ತಡದ ಮಾತ್ರೆಯ ಚೀಟಿಗಳ ಕೆಳಗಿತ್ತು.

ತುದಿಯನ್ನು ಗಾಜಿಗೆ ತಾಗಿಸದೆ ಒಂದು ಬೆರಳ ಎತ್ತರದಲ್ಲಿ ಹಿಡಿದೆ. ಹಲಗೆಯ ಮೇಲೆ ಒಂದು ಸಣ್ಣ ಚುಕ್ಕೆ ಕಾಣಿಸಿಕೊಂಡು ಲೇಖನಿಯ ಹಿಂದೆಯೇ ಓಡಾಡಿತು. ನಂಟು ಇದ್ದರೆ ಹೀಗೆ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ನಿಮ್ಮ ಹಲಗೆಯೂ ಈ ಬಗೆಯದಾದರೆ ಹೀಗೆ ಪರೀಕ್ಷೆ ಮಾಡಬಹುದು. ಲೇಖನಿಯನ್ನು ದೊಡ್ಡಪ್ಪನವರ ಕೈಗೆ ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು, ಮೊದಲು ಗಾಳಿಯಲ್ಲೊಂದು ‘ಶ್ರೀ’ ಬರೆದು, ಆಮೇಲೆ ಗಾಜಿನ ಮೇಲೆ ಬರೆದರು. ಮೂಡಿತು. ಕೈ ಸ್ವಲ್ಪ ನಡುಗುತ್ತಿತ್ತು. ಕರಿಯ ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಅಕ್ಷರ, ಅದೇ ಉದ್ದನೆಯ ಈಕಾರ. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದರು. ಏನೂ ಹೇಳದೆ ಕಾಫಿಗೆ ನೀರಿಡಲು ಹೋದರು.

ತೊಂದರೆ ಅಲ್ಲಿಗೆ ಮುಗಿಯಿತೆಂದಲ್ಲ. ಗಾಜು ಜಾರುತ್ತದೆ, ಎಣ್ಣೆ ಸವರಿದ ಕಲ್ಲಿನ ಮೇಲೆ ಬರೆದಂತಾಗುತ್ತದೆ ಎಂದರು. ಅದಕ್ಕೆ ಕಾಗದದ ತರಿಯಿರುವ ತೆಳು ಹಾಳೆಯನ್ನು ಮೇಲೆ ಅಂಟಿಸಿದೆವು. ತುದಿ ಬೇಗ ಸವೆಯುತ್ತದೆ, ಆದರೂ ಕೈಗೆ ಹಿಡಿತ ಸಿಗುತ್ತದೆ. ಅಂಗೈ ಊರಿದಾಗ ಗೆರೆ ಬೀಳುತ್ತಿತ್ತು. ಬರೆಯುವ ಪುಟದಲ್ಲಿ ‘ಲೇಖನಿ ಮಾತ್ರ’ ಎಂಬುದನ್ನು ಆರಿಸಿದ ಮೇಲೆ ಅದೂ ನಿಂತಿತು. “ಶಾಯಿ ಮುಗಿದರೆ ಏನು ಮಾಡುವುದು?” ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ನನಗೆ ಇನ್ನೂ ತಿಳಿಯದು.

ಕಳೆದ ವಾರದವರೆಗೆ ಹನ್ನೊಂದು ಹಾಡುಗಳು ಮೆಲ್ಬೋರ್ನ್ ಸೇರಿವೆ. ಹನ್ನೆರಡನೆಯದು ರಾಗಿ ಬೀಸುವ ಹಾಡು. ಅದರ ಎರಡನೆಯ ನುಡಿ ಮರೆತುಹೋಗಿದೆಯಂತೆ. ಆ ಜಾಗವನ್ನು ಬಿಟ್ಟು ಮೂರನೆಯ ನುಡಿಯನ್ನು ಬರೆದಿಟ್ಟಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಹಲಗೆಯನ್ನೂ ಲೇಖನಿಯನ್ನೂ ಚೀಲದಲ್ಲಿಟ್ಟುಕೊಂಡು ತಿಪಟೂರಿಗೆ, ತಂಗಿಯ ಮನೆಗೆ ಹೊರಟಿದ್ದಾರೆ.